ಇನ್ನೊಂದೇ ಒಂದು ತುತ್ತು: ಮಗು ಊಟ ಬೇಡ ಅನ್ನುವುದು ಯಾಕೆ?

ನಮ್ಮ ಮನೆಯಲ್ಲಿ ಒಂದು ಕಾಲಕ್ಕೆ ಮಧ್ಯಾಹ್ನದ ಊಟ ಹನ್ನೆರಡೂವರೆಗೆ ಶುರುವಾಗಿ ಎರಡು ಗಂಟೆಗೆ ಮುಗಿಯುತ್ತಿತ್ತು. ಇದು ಎರಡೂವರೆ ವರ್ಷದ ಮಗಳ ಊಟದ ಕತೆ. ಬಟ್ಟಲಿನಲ್ಲಿ ಇರುತ್ತಿದ್ದದ್ದು ನಾಲ್ಕು ಚಮಚ ಅನ್ನ, ಬೇಳೆಕಟ್ಟು, ಒಂದಿಷ್ಟು ತುಪ್ಪ. ಮೊದಲ ಎರಡು ತುತ್ತು ಸಲೀಸು. ಮೂರನೆಯದಕ್ಕೆ ತುಟಿ ಬಿಗಿ. ಆಮೇಲೆ ಕಿಟಕಿಯಲ್ಲಿ ಕಾಗೆ, ಗೇಟಿನ ಹತ್ತಿರ ನಾಯಿ, ಅಟ್ಟದ ಮೇಲೆ ಗುಮ್ಮ. ಯಾವುದೂ ನಡೆಯದಿದ್ದರೆ ಮೊಬೈಲು. ಹಾಡು ಶುರುವಾದ ಕೂಡಲೇ ಬಾಯಿ ತಾನಾಗಿ ತೆರೆಯುತ್ತಿತ್ತು. ಆದರೆ ಅನ್ನ ಕೆನ್ನೆಯೊಳಗೆ ಉಂಡೆಯಾಗಿ ಕೂತುಬಿಡುತ್ತಿತ್ತು. ನುಂಗುವುದೂ ಇಲ್ಲ, ಉಗುಳುವುದೂ ಇಲ್ಲ. "ಇನ್ನೊಂದೇ ಒಂದು ತುತ್ತು" ಅಂತ ನಾನು ದಿನಕ್ಕೆ ಎಷ್ಟು ಸಲ ಹೇಳುತ್ತಿದ್ದೆನೋ ಲೆಕ್ಕವಿಲ್ಲ.

ಕೊನೆಗೆ ಮಕ್ಕಳ ಡಾಕ್ಟರ ಹತ್ತಿರ ಹೋದೆ. ಹಸಿವಾಗುವ ಸಿರಪ್ ಬರೆದುಕೊಡಿ ಅಂತ ಕೇಳುವುದೇ ನನ್ನ ಉದ್ದೇಶ. ಅವರು ತಾಯಿ ಕಾರ್ಡ್ ಕೇಳಿದರು. ಅದರಲ್ಲಿ ಮಗುವಿನ ತೂಕದ ಗ್ರಾಫ್ ಇರುತ್ತದಲ್ಲ, ಹಸಿರು, ಹಳದಿ, ಕಿತ್ತಳೆ ಪಟ್ಟಿಗಳದ್ದು, ಅದನ್ನು ಬಿಡಿಸಿ ನೋಡಿದರು. ಚುಕ್ಕಿಗಳೆಲ್ಲ ಹಸಿರಿನಲ್ಲೇ, ಒಂದರ ಹಿಂದೆ ಒಂದು, ಗೆರೆಯ ಜೊತೆಗೇ ಮೇಲೆ ಹೋಗಿದ್ದವು. "ಊಟ ಮಾಡದ ಮಗು ಹೀಗೆ ಬೆಳೆಯಲ್ಲಮ್ಮ. ಏನೋ ತಿನ್ತಿದ್ದಾಳೆ. ಏನು ಅಂತ ಮೂರು ದಿನ ಬರೆದುಕೊಂಡು ಬನ್ನಿ" ಅಂದರು.

ಬರೆದೆ. ಬೆಳಿಗ್ಗೆ ಎದ್ದ ಕೂಡಲೇ ಒಂದು ಲೋಟ ಹಾಲು. ಹತ್ತು ಗಂಟೆಗೆ ಮೂರು ಬಿಸ್ಕತ್ತು. ಮಧ್ಯಾಹ್ನ ಊಟದ ಯುದ್ಧ ಮುಗಿದ ಮೇಲೆ "ಪಾಪ, ಏನೂ ತಿಂದಿಲ್ಲ" ಅಂತ ಇನ್ನೊಂದು ಲೋಟ ಹಾಲು. ಸಂಜೆ ಅಜ್ಜಿಯ ಕಾಫಿಯಲ್ಲಿ ಅದ್ದಿಕೊಂಡು ಮತ್ತೆ ಮೂರು ಬಿಸ್ಕತ್ತು. ರಾತ್ರಿ ಮಲಗುವಾಗ ಬಾಟಲಿ ಹಾಲು. ಪ್ರತಿ ಲೋಟಕ್ಕೂ ಎರಡು ಚಮಚ ಸಕ್ಕರೆ.

ಈಗ ಲೆಕ್ಕ ಹಾಕಿ. ಮೂರು ಲೋಟ ಅಂದರೆ 600 ಮಿಲಿ ಹಾಲು, ಟೋನ್ಡ್ ಹಾಲಾದರೆ ಸುಮಾರು 350 ಕ್ಯಾಲೊರಿ. ಆರು ಚಮಚ ಸಕ್ಕರೆಗೆ 120. ಒಂದು ಗ್ಲೂಕೋಸ್ ಬಿಸ್ಕತ್ತಿಗೆ ಹೆಚ್ಚುಕಮ್ಮಿ 25, ಆರಕ್ಕೆ 150. ಒಟ್ಟು 620. ಈ ವಯಸ್ಸಿನ ಮಗುವಿಗೆ ಇಡೀ ದಿನಕ್ಕೆ ಬೇಕಾಗುವುದೇ ಸುಮಾರು 1000ದಿಂದ 1100 ಕ್ಯಾಲೊರಿ. ಅಂದರೆ "ಏನೂ ತಿಂದಿಲ್ಲ" ಅನ್ನಿಸಿಕೊಂಡ ಹುಡುಗಿ ಅರ್ಧಕ್ಕಿಂತ ಜಾಸ್ತಿ ಮುಗಿಸಿಬಿಟ್ಟಿದ್ದಳು. ತಿಂಡಿ, ಮಧ್ಯಾಹ್ನದ ಊಟ, ರಾತ್ರಿ ಊಟ, ಮೂರಕ್ಕೂ ಸೇರಿ ಅವಳ ಹೊಟ್ಟೆಯಲ್ಲಿ ಉಳಿದಿದ್ದ ಜಾಗ ನಾನೂರು ಚಿಲ್ಲರೆ. ನಾನು ತುಂಬಿದ ಕೊಡಕ್ಕೆ ನೀರು ಹೊಯ್ಯುತ್ತಿದ್ದೆ.

ಇದು ಲೆಕ್ಕದ ಒಂದು ಭಾಗ ಮಾತ್ರ. ಇನ್ನೊಂದು ಭಾಗ ಬೆಳವಣಿಗೆಯದ್ದು. ಇದನ್ನು ಯಾರಾದರೂ ಮೊದಲೇ ಹೇಳಿದ್ದರೆ ನನ್ನ ಒಂದು ವರ್ಷದ ಜಗಳ ಉಳಿಯುತ್ತಿತ್ತು.

ಹುಟ್ಟಿದಾಗ ಮೂರು ಕೆಜಿ ಇದ್ದ ಮಗು ಒಂದು ವರ್ಷಕ್ಕೆ ಒಂಬತ್ತು ಕೆಜಿ ಆಗುತ್ತದೆ. ಹನ್ನೆರಡು ತಿಂಗಳಲ್ಲಿ ಆರು ಕೆಜಿ! ಉದ್ದ 25 ಸೆಂಟಿಮೀಟರ್ ಜಾಸ್ತಿಯಾಗುತ್ತದೆ. ಆಮೇಲೆ ಅಷ್ಟು ವೇಗ ಇರುವುದಿಲ್ಲ. ಎರಡನೇ ವರ್ಷದಲ್ಲಿ ಇಡೀ ವರ್ಷಕ್ಕೆ ಎರಡೂವರೆ ಕೆಜಿ ಬಂದರೆ ಸರಿ. ಮೂರನೇ ವರ್ಷದಿಂದ ವರ್ಷಕ್ಕೆ ಎರಡು ಕೆಜಿ ಆಸುಪಾಸು. ಬೆಳವಣಿಗೆ ನಿಧಾನವಾದಾಗ ಹಸಿವೂ ನಿಧಾನವಾಗುತ್ತದೆ. ಹತ್ತು ತಿಂಗಳಿದ್ದಾಗ ಬಟ್ಟಲು ಖಾಲಿ ಮಾಡುತ್ತಿದ್ದ ಮಗು ಒಂದೂವರೆ ವರ್ಷಕ್ಕೆ ಅದೇ ಬಟ್ಟಲನ್ನು ದೂಡುವುದು ಇದಕ್ಕೇ. ನಮ್ಮ ಕಣ್ಣಿಗೆ ಮಾತ್ರ ಹಳೇ ಅಳತೆಯೇ ಕೂತಿರುತ್ತದೆ. "ಮುಂಚೆ ಚೆನ್ನಾಗಿ ತಿಂತಿತ್ತು, ಯಾರ ಕಣ್ಣು ಬಿತ್ತೋ" ಅಂತ ದೃಷ್ಟಿ ತೆಗೆಯುತ್ತೇವೆ. ತೆಗೆಯಲಿ ಬಿಡಿ, ಮೆಣಸಿನಕಾಯಿ ಘಾಟಿಗೆ ಒಂದು ಕೆಮ್ಮು ಬರುತ್ತೆ ಅಷ್ಟೆ. ಅದಾದ ಮೇಲೆ ಬಾಯಿಗೆ ತುರುಕುತ್ತೇವಲ್ಲ, ತೊಂದರೆ ಇರುವುದು ಅಲ್ಲಿ.

ಚಿಕ್ಕ ಮಕ್ಕಳ ಹಸಿವು ಹೊತ್ತಿಂದ ಹೊತ್ತಿಗೆ ಏರುಪೇರಾಗುತ್ತದೆ. ಅಮೆರಿಕದಲ್ಲಿ ಎರಡರಿಂದ ಐದು ವರ್ಷದ ಹದಿನೈದು ಮಕ್ಕಳು ಆರು ದಿನ ತಿಂದದ್ದನ್ನೆಲ್ಲ ತೂಗಿ ನೋಡಿದ್ದರು. 1991ರಲ್ಲಿ ಪ್ರಕಟವಾದ ಅಧ್ಯಯನ ಅದು. ಒಂದೊಂದು ಹೊತ್ತಿನ ಊಟದಲ್ಲಿ ಸರಾಸರಿ 34 ಶೇಕಡಾದಷ್ಟು ವ್ಯತ್ಯಾಸ. ಬೆಳಿಗ್ಗೆ ಗಬಗಬ, ಮಧ್ಯಾಹ್ನ ಉಪವಾಸ. ಆದರೆ ಇಡೀ ದಿನದ ಲೆಕ್ಕ ಕೂಡಿದರೆ ವ್ಯತ್ಯಾಸ ಬರೀ 10 ಶೇಕಡಾ. ಒಂದು ಹೊತ್ತು ಕಮ್ಮಿ ತಿಂದ ಮಗು ಇನ್ನೊಂದು ಹೊತ್ತಿನಲ್ಲಿ ತಾನೇ ಸರಿ ಮಾಡಿಕೊಳ್ಳುತ್ತದೆ. ನಾವು ಮಧ್ಯಾಹ್ನದ ತಟ್ಟೆ ನೋಡಿ ಗಾಬರಿಯಾಗುತ್ತೇವೆ. ನೋಡಬೇಕಾದ್ದು ವಾರದ ಲೆಕ್ಕ.

ಇದಕ್ಕೂ ಹಳೆಯದೊಂದು ಪ್ರಯೋಗ ಇದೆ. 1920ರ ದಶಕದಲ್ಲಿ ಕ್ಲಾರಾ ಡೇವಿಸ್ ಎಂಬ ಅಮೆರಿಕದ ಮಕ್ಕಳ ವೈದ್ಯೆ ಶುರು ಮಾಡಿದ್ದು. ಆಗಷ್ಟೇ ಎದೆಹಾಲು ಬಿಟ್ಟ ಹದಿನೈದು ಕೂಸುಗಳ ಮುಂದೆ ಬೇರೆಬೇರೆ ಬಟ್ಟಲುಗಳಲ್ಲಿ ಆಹಾರ ಇಟ್ಟರು. ನರ್ಸ್‌ಗಳು ಚಮಚ ಹಿಡಿದು ಸುಮ್ಮನೆ ಕೂರಬೇಕು. ಮಗು ಯಾವುದಕ್ಕೆ ಕೈ ಚಾಚುತ್ತೋ ಅದನ್ನಷ್ಟೇ ಕೊಡಬೇಕು. "ಇದು ತಿನ್ನು" ಅನ್ನುವ ಹಾಗಿಲ್ಲ, ಮುಖ ಸಿಂಡರಿಸುವ ಹಾಗೂ ಇಲ್ಲ. ಒಂದೊಂದು ಮಗುವಿನ ಊಟ ವಿಚಿತ್ರವಾಗಿರುತ್ತಿತ್ತು. ಆದರೂ ಮಕ್ಕಳೆಲ್ಲ ಚೆನ್ನಾಗಿ ಬೆಳೆದರು. ಮೂಳೆ ಮೆತ್ತಗಾಗುವ ರಿಕೆಟ್ಸ್ ಇದ್ದ ಒಂದು ಮಗು ಮೀನೆಣ್ಣೆಯನ್ನು ತಾನಾಗೇ ಕುಡಿಯಿತಂತೆ, ಕಾಯಿಲೆ ವಾಸಿಯಾಗುವ ತನಕ. ಈ ಕೊನೆಯ ಸಂಗತಿಯನ್ನು ಜನ ಜಾಸ್ತಿ ಹೇಳುತ್ತಾರೆ. ನನಗೆ ಮುಖ್ಯ ಅನ್ನಿಸುವುದು ಡೇವಿಸ್ ಅವರೇ ಆಮೇಲೆ ಹೇಳಿದ ಮಾತು. ಬಟ್ಟಲುಗಳಲ್ಲಿ ಇದ್ದದ್ದೆಲ್ಲ ತರಕಾರಿ, ಹಣ್ಣು, ಧಾನ್ಯ, ಮೊಟ್ಟೆ, ಮಾಂಸ, ಹಾಲು. ಸಕ್ಕರೆ, ಬಿಸ್ಕತ್ತು ಒಂದೂ ಇರಲಿಲ್ಲ. ಏನು ಆರಿಸಿದರೂ ಒಳ್ಳೆಯದೇ ಆಗುವ ಹಾಗೆ ದೊಡ್ಡವರು ಮೊದಲೇ ನೋಡಿಕೊಂಡಿದ್ದರು.

ಎಲ್ಲಿನ್ ಸ್ಯಾಟರ್ ಅನ್ನುವ ಆಹಾರತಜ್ಞೆ ಇದನ್ನೇ ಮನೆಗೆ ಒಗ್ಗುವ ಹಾಗೆ ಬಿಡಿಸಿ ಹೇಳಿದ್ದಾರೆ. ಊಟದಲ್ಲಿ ಅಪ್ಪ ಅಮ್ಮನ ಕೆಲಸ ಮೂರು: ಏನು ಕೊಡಬೇಕು, ಯಾವಾಗ ಕೊಡಬೇಕು, ಎಲ್ಲಿ ಕೂರಿಸಿ ಕೊಡಬೇಕು. ಮಗುವಿನ ಕೆಲಸ ಎರಡು: ತಿನ್ನಬೇಕಾ ಬೇಡವಾ, ತಿಂದರೆ ಎಷ್ಟು. ನಮ್ಮ ಮನೆಯಲ್ಲಿ ನಡೆಯುತ್ತಿದ್ದದ್ದು ಪೂರಾ ಉಲ್ಟಾ. ಏನು ಬೇಕು ಅಂತ ಮಗಳು ಹೇಳುತ್ತಿದ್ದಳು, "ಬಿಸ್ಕತ್ತು". ಯಾವಾಗ ಬೇಕು ಅಂತಲೂ ಅವಳೇ. ಎಷ್ಟು ತಿನ್ನಬೇಕು ಅಂತ ಮಾತ್ರ ನಾನು.

ಒತ್ತಾಯ ಮಾಡಿದರೆ ತಿನ್ನುವುದು ಇನ್ನೂ ಕಮ್ಮಿಯಾಗುತ್ತದೆ. ಇದನ್ನೂ ನೋಡಿದವರಿದ್ದಾರೆ. 2006ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಮೂರರಿಂದ ಐದು ವರ್ಷದ ಮಕ್ಕಳಿಗೆ ಎರಡು ಬಗೆಯ ತರಕಾರಿ ಸೂಪು ಕೊಟ್ಟರು. ಒಂದಕ್ಕೆ "ಮುಗಿಸು, ಮುಗಿಸು" ಅಂತ ಹೇಳುತ್ತಿದ್ದರು, ಇನ್ನೊಂದಕ್ಕೆ ಸುಮ್ಮನಿದ್ದರು. ಸುಮ್ಮನಿದ್ದ ಸೂಪು ಜಾಸ್ತಿ ಖರ್ಚಾಯಿತು. ಮುಗಿಸು ಅಂದದ್ದಕ್ಕೆ "ಥೂ, ಬೇಡ" ಜಾಸ್ತಿ ಬಂತು. ಲಂಚದ ಕತೆಯೂ ಇಷ್ಟೇ. "ಪಲ್ಯ ತಿಂದರೆ ಚಾಕಲೇಟ್" ಅಂದಾಗ ಮಗು ಕಲಿಯುವುದು ಏನು? ಚಾಕಲೇಟ್ ಬಹುಮಾನ, ಪಲ್ಯ ಶಿಕ್ಷೆ ಅಂತ ಅಲ್ವಾ?

ಹಾಲಿನ ವಿಷಯ ಸ್ವಲ್ಪ ನಿಂತು ಹೇಳಬೇಕು. ಹಾಲು ಕುಡಿದರೆ ಮಗು ಗಟ್ಟಿಯಾಗುತ್ತೆ ಅನ್ನುವುದು ನಮ್ಮ ಮನೆಗಳಲ್ಲಿ ಪ್ರಶ್ನೆಯೇ ಇಲ್ಲದ ನಂಬಿಕೆ. ಕ್ಯಾಲ್ಸಿಯಂ ಮತ್ತು ಪ್ರೋಟೀನಿಗೆ ಹಾಲು ಒಳ್ಳೆಯದು, ನಿಜ. ಆದರೆ ಹಾಲಿನಲ್ಲಿ ಕಬ್ಬಿಣದ ಅಂಶ ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. ಲೀಟರುಗಟ್ಟಲೆ ಹಾಲಿನಲ್ಲೇ ಹೊಟ್ಟೆ ತುಂಬಿಸಿಕೊಳ್ಳುವ ಮಗುವಿಗೆ ರಕ್ತ ಕಮ್ಮಿಯಾಗುತ್ತದೆ. ರಕ್ತಹೀನತೆ ಬಂದರೆ ಹಸಿವು ಇನ್ನೂ ಸಾಯುತ್ತದೆ. ಹಸಿವು ಸತ್ತರೆ "ಪಾಪ, ಹಾಲಾದರೂ ಕುಡೀಲಿ". ಗಾಣದೆತ್ತಿನ ಹಾಗೆ ಸುತ್ತುತ್ತಲೇ ಇರುತ್ತೇವೆ.

ಇದು ಅಲ್ಲೊಂದು ಇಲ್ಲೊಂದು ಮನೆಯ ಸಮಸ್ಯೆ ಅಂದುಕೊಳ್ಳಬೇಡಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ 65.5 ಶೇಕಡಾ ಮಕ್ಕಳಿಗೆ ರಕ್ತಹೀನತೆ ಇದೆ. ಮೂರರಲ್ಲಿ ಎರಡು ಮಕ್ಕಳು ಅಂದುಕೊಳ್ಳಿ. ಮಗು ಬೆಳ್ಳಗೆ ಬಿಳಿಚಿಕೊಂಡಿದ್ದರೆ, ಬೇಗ ಸುಸ್ತಾಗುತ್ತಿದ್ದರೆ, ಮಣ್ಣು, ಬಳಪ, ಗೋಡೆ ಸುಣ್ಣ ಕೆರೆದು ತಿನ್ನುತ್ತಿದ್ದರೆ ಒಂದು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಆಶಾ ಕಾರ್ಯಕರ್ತೆಯರು ಈ ವಯಸ್ಸಿನ ಮಕ್ಕಳಿಗೆ ವಾರಕ್ಕೆ ಎರಡು ಸಲ ಒಂದು ಮಿಲಿ ಕೊಡಿ ಅಂತ ಕಬ್ಬಿಣದ ಸಿರಪ್ ಕೊಡುತ್ತಾರೆ. ಎಷ್ಟೋ ಮನೆಗಳಲ್ಲಿ ಅದು ಫ್ರಿಜ್ ಮೇಲೆ ಹಾಗೇ ಕೂತಿರುತ್ತದೆ. ನಮ್ಮಲ್ಲೂ ಕೂತಿತ್ತು. ಫೆಬ್ರವರಿ ಮತ್ತು ಆಗಸ್ಟ್ 10ರಂದು ಅಂಗನವಾಡಿಯಲ್ಲಿ ಕೊಡುವ ಜಂತುಹುಳದ ಮಾತ್ರೆಯನ್ನೂ ತಪ್ಪಿಸಬೇಡಿ.

ಒಂದು ವರ್ಷ ದಾಟಿದ ಮಗುವಿಗೆ ದಿನಕ್ಕೆ ಅರ್ಧ ಲೀಟರಿಗಿಂತ ಜಾಸ್ತಿ ಹಾಲು ಬೇಡ. ಲೋಟದಲ್ಲೇ ಕೊಡಿ. ಬಾಯಲ್ಲಿ ಹಾಲಿನ ಬಾಟಲಿ ಇಟ್ಟುಕೊಂಡು ಮಲಗಿದರೆ ಹಲ್ಲೂ ಹಾಳು. ಕಾಫಿ ಟೀ ಅದ್ದಿದ ಬಿಸ್ಕತ್ತು ನಿಲ್ಲಿಸಿ, ಅವು ಊಟದಲ್ಲಿರುವ ಕಬ್ಬಿಣ ಮೈಗೆ ಹತ್ತದ ಹಾಗೆ ತಡೆಯುತ್ತವೆ. ಸೊಪ್ಪಿನ ಪಲ್ಯಕ್ಕೆ ನಿಂಬೆಹಣ್ಣು ಹಿಂಡಿದರೆ ಇದಕ್ಕೆ ಸರಿಯಾಗಿ ಉಲ್ಟಾ: ಹುಳಿಯಲ್ಲಿರುವ ವಿಟಮಿನ್ ಸಿ ಆ ಕಬ್ಬಿಣವನ್ನು ಮೈಗೆ ಹತ್ತಿಸುತ್ತದೆ.

ಹಸಿವಿನ ಸಿರಪ್ ಕೇಳಲು ಹೋಗಿದ್ದೆನಲ್ಲ, ಅದರ ಬಗ್ಗೆಯೂ ಹೇಳಿಬಿಡುತ್ತೇನೆ. ಮೆಡಿಕಲ್ ಶಾಪಿನಲ್ಲಿ ಸಿಗುವ ಅಂಥ ಎಷ್ಟೋ ಸಿರಪ್‌ಗಳಲ್ಲಿ ಇರುವುದು ಸೈಪ್ರೊಹೆಪ್ಟಡಿನ್. ಅದು ಅಲರ್ಜಿಯ ಔಷಧಿ. ಹಸಿವು ಜಾಸ್ತಿಯಾಗುವುದು ಅದರ ಅಡ್ಡ ಪರಿಣಾಮ, ಜೊತೆಗೆ ನಿದ್ದೆ ಮಂಪರು. ಡಾಕ್ಟರು ಬರೆದುಕೊಡದೆ ಮುಟ್ಟಬೇಡಿ.

ಹಾಗಾದರೆ ಮಾಡುವುದೇನು? ನಾವು ಮಾಡಿದ್ದು ಇಷ್ಟು. ಎಂಟಕ್ಕೆ ತಿಂಡಿ, ಹತ್ತೂವರೆಗೆ ಹಣ್ಣು, ಒಂದು ಗಂಟೆಗೆ ಊಟ, ನಾಲ್ಕಕ್ಕೆ ಒಂದು ಲೋಟ ಹಾಲಿನ ಜೊತೆ ಅವಲಕ್ಕಿಯೋ ಬೇಯಿಸಿದ ಮೊಟ್ಟೆಯೋ, ಏಳೂವರೆಗೆ ಎಲ್ಲರ ಜೊತೆ ಊಟ. ನಡುವೆ ನೀರು ಮಾತ್ರ. ಹಸಿವಾಗಲು ಎರಡೂವರೆ ಮೂರು ಗಂಟೆ ಖಾಲಿ ಬಿಡಲೇಬೇಕು. ತಟ್ಟೆಗೆ ಮೊದಲು ಹಾಕುವುದು ಕಮ್ಮಿ. ವಯಸ್ಸಿಗೆ ಒಂದು ದೊಡ್ಡ ಚಮಚದ ಲೆಕ್ಕ: ಎರಡು ವರ್ಷಕ್ಕೆ ಎರಡು ಚಮಚ ಅನ್ನ, ಎರಡು ಚಮಚ ಪಲ್ಯ. ಬೇಕಂದರೆ ಮತ್ತೆ ಬಡಿಸಿ. ಗುಡ್ಡದಷ್ಟು ಅನ್ನ ನೋಡಿದರೆ ನಮಗೂ ಸಾಕು ಅನ್ನಿಸುತ್ತದೆ. ಇಪ್ಪತ್ತು, ಹೆಚ್ಚೆಂದರೆ ಮೂವತ್ತು ನಿಮಿಷಕ್ಕೆ ತಟ್ಟೆ ಎತ್ತಿಬಿಡಿ. ತಿಂದಿದ್ದರೂ ಸರಿ, ತಿನ್ನದಿದ್ದರೂ ಸರಿ. ಮುಖ ಊದಿಸಿಕೊಂಡು ಎತ್ತಬಾರದು, ಅಷ್ಟೇ.

ಮೊದಲ ನಾಲ್ಕೈದು ದಿನ ಕಷ್ಟ. ಮಗಳು ಎರಡನೇ ದಿನ ಮಧ್ಯಾಹ್ನ ಏನೂ ತಿನ್ನದೆ ಎದ್ದುಹೋದಳು. ಎರಡೂವರೆಗೆ "ಬಿಸ್ಕತ್ತು" ಅಂತ ನೆಲದಲ್ಲಿ ಬಿದ್ದು ಅತ್ತಳು. ಆದರೆ ಡಬ್ಬಿ ಮನೆಯಲ್ಲೇ ಇರಲಿಲ್ಲ. ಮನೆಯಲ್ಲಿಟ್ಟುಕೊಂಡು ಇಲ್ಲ ಅನ್ನುವುದು ನನ್ನ ಕೈಲಾಗದ ಕೆಲಸ ಅಂತ ಗೊತ್ತಿತ್ತು, ಹಾಗಾಗಿ ತರುವುದನ್ನೇ ಬಿಟ್ಟಿದ್ದೆ. ನಾಲ್ಕು ಗಂಟೆಗೆ ಮೊಟ್ಟೆ ಕೊಟ್ಟಾಗ ಹಳದಿ ಭಾಗವನ್ನೂ ಸೇರಿಸಿ ತಿಂದಳು. ಅಲ್ಲಿಯ ತನಕ ಅವಳು ಹಳದಿ ಮುಟ್ಟಿದ್ದೇ ಇಲ್ಲ.

ನನಗಿಂತ ಕಷ್ಟ ಆದದ್ದು ಅತ್ತೆಗೆ. "ಮಗೂನ ಉಪವಾಸ ಕೆಡವ್ತಿದೀಯಲ್ಲಮ್ಮ, ನಾವೇನು ಮಕ್ಕಳನ್ನ ಸಾಕಿಲ್ವಾ?" ಅಂದರು. ವಾದ ಮಾಡಲಿಲ್ಲ. "ಅತ್ತೆ, ನಿಮ್ಮ ಕಾಲದಲ್ಲಿ ಹೇಗೆ ಊಟ ಹಾಕ್ತಿದ್ರಿ?" ಅಂತ ಕೇಳಿದೆ. ಅವರಿಗೆ ಹೇಳಲು ಖುಷಿ. ಮನೆ ತುಂಬ ಏಳೆಂಟು ಮಕ್ಕಳು. ಅವರ ಅತ್ತೆ ದೊಡ್ಡ ಬೇಸಿನ್‌ನಲ್ಲಿ ಅನ್ನ ಹುಳಿ ಕಲಸಿಕೊಂಡು ಅಂಗಳದಲ್ಲಿ ಕೂರುತ್ತಿದ್ದರಂತೆ. ಸುತ್ತ ಮಕ್ಕಳು ಕೈ ಚಾಚಿ ಕೂರುವುದು, ಒಂದೊಂದು ಕೈಗೂ ಒಂದೊಂದು ತುತ್ತು. ಸಾಕಾದವರು ಎದ್ದು ಹೋಗುವುದು. "ಯಾರು ಎಷ್ಟು ತಿಂದ್ರು ಅಂತ ಯಾರು ನೋಡ್ತಿದ್ರು? ಎದ್ದೋರ ತುತ್ತು ಪಕ್ಕದೋರಿಗೆ" ಅಂದರು. ಹೇಳಿ ತಾವೇ ಸುಮ್ಮನಾದರು. ಕೈತುತ್ತು ಅಂದರೆ ನಾವು ಪ್ರೀತಿಯನ್ನಷ್ಟೇ ನೆನೆಸಿಕೊಳ್ಳುತ್ತೇವೆ. ಅಲ್ಲಿ ಹೊತ್ತು ಗೊತ್ತು ಇತ್ತು, ಎಲ್ಲರಿಗೂ ಒಂದೇ ಅಡುಗೆ ಇತ್ತು, ಎದ್ದು ಹೋಗುವ ಸ್ವಾತಂತ್ರ್ಯವೂ ಇತ್ತು. ಈಗ ಏಳೆಂಟು ಮಕ್ಕಳ ಜಾಗದಲ್ಲಿ ಒಂದೇ ಮಗು, ಸುತ್ತ ನಾಲ್ಕು ಜನ ದೊಡ್ಡವರು. ಎಲ್ಲರ ಕಣ್ಣೂ ಆ ಒಂದು ಬಾಯಿಯ ಮೇಲೆ.

ಮೊಬೈಲು ಬಿಡಿಸಿದ್ದು ಹೇಗೆ ಅಂತ ಎಲ್ಲರೂ ಕೇಳುತ್ತಾರೆ. ಉಪಾಯ ಏನೂ ಇಲ್ಲ, ಒಂದೇ ದಿನ ನಿಲ್ಲಿಸಿದೆವು. ನಾವೂ ಊಟದ ಹೊತ್ತಿಗೆ ಫೋನು, ಟಿವಿ ಆರಿಸಿದೆವು. ಎರಡು ವರ್ಷದೊಳಗೆ ಪರದೆಯೇ ಬೇಡ, ಎರಡರಿಂದ ನಾಲ್ಕರ ತನಕ ದಿನಕ್ಕೆ ಒಂದು ಗಂಟೆ ಮೀರಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಊಟದ ಹೊತ್ತಿನ ಪರದೆಗೆ ಇನ್ನೊಂದು ತೊಂದರೆ ಇದೆ. ಹಾಡು ನೋಡುತ್ತಾ ಬಾಯಿ ತೆರೆಯುವ ಮಗುವಿಗೆ ತಾನು ತಿನ್ನುತ್ತಿರುವುದು ಉಪ್ಪಿಟ್ಟೋ ಚಿತ್ರಾನ್ನವೋ ಗೊತ್ತಾಗುವುದಿಲ್ಲ, ಹೊಟ್ಟೆ ತುಂಬಿದ್ದೂ ಗೊತ್ತಾಗುವುದಿಲ್ಲ. ಎಷ್ಟು ದಿನ ಹೀಗೆ ತಿನ್ನಿಸಿದರೂ ರುಚಿ ಕಲಿಯುವುದಿಲ್ಲ.

ರುಚಿ ಕಲಿಯಲು ಸಮಯ ಬೇಕು. ಎರಡರಿಂದ ಆರು ವರ್ಷದ ಮಕ್ಕಳಿಗೆ ಹೊಸ ತಿನಿಸು ಕಂಡರೆ ಹೆದರಿಕೆ. ಇದು ಹಟ ಅಲ್ಲ. ನಡೆಯಲು ಕಲಿತ ಮಗು ಸಿಕ್ಕಿದ ಕಾಯಿ ಎಲೆ ಎಲ್ಲ ಬಾಯಿಗೆ ಹಾಕಿಕೊಂಡರೆ ಏನಾದೀತು? ಅದಕ್ಕೆ ಪ್ರಕೃತಿಯೇ ಇಟ್ಟ ತಡೆ ಇರಬಹುದು ಅನ್ನುತ್ತಾರೆ. ಒಂದು ಹೊಸ ತರಕಾರಿ ಒಗ್ಗಲು ಎಂಟರಿಂದ ಹದಿನೈದು ಸಲ ರುಚಿ ನೋಡಬೇಕಾಗಬಹುದು. ನಾವು ಮೂರನೇ ಸಲಕ್ಕೇ "ಅವಳಿಗೆ ಬೀಟ್‌ರೂಟ್ ಆಗಲ್ಲ" ಅಂತ ತೀರ್ಪು ಕೊಟ್ಟುಬಿಡುತ್ತೇವೆ, ಅದೂ ಅವಳ ಮುಂದೆಯೇ. ಗೊತ್ತಿರುವ ಮೊಸರನ್ನದ ಪಕ್ಕದಲ್ಲಿ ಹೊಸದರ ಒಂದು ಚೂರು ಇಟ್ಟು ಸುಮ್ಮನಿರಿ. ಮೂಸಲಿ, ಹಿಸುಕಲಿ, ಬಾಯಿಗಿಟ್ಟು ಉಗುಳಲಿ. ಅದೂ ಲೆಕ್ಕಕ್ಕೆ ಬರುತ್ತದೆ. ಒಂದು ಎಚ್ಚರ ಮಾತ್ರ: ಐದು ವರ್ಷದ ತನಕ ಇಡೀ ಕಡಲೆಕಾಯಿ ಬೀಜ, ಇಡೀ ದ್ರಾಕ್ಷಿ ಕೊಡಬೇಡಿ. ಗಂಟಲಲ್ಲಿ ಸಿಕ್ಕಿಕೊಳ್ಳುತ್ತವೆ. ಬೀಜ ಪುಡಿ ಮಾಡಿ, ದ್ರಾಕ್ಷಿಯನ್ನು ಉದ್ದಕ್ಕೆ ಸೀಳಿ ಕೊಡಿ.

ಇಷ್ಟೆಲ್ಲ ಹೇಳಿದ ಮೇಲೆ ಇದು ಯಾರಿಗೆ ಅನ್ವಯಿಸುವುದಿಲ್ಲ ಅಂತಲೂ ಹೇಳಬೇಕು. ಒಂದು ವರ್ಷದೊಳಗಿನ ಕೂಸಿಗೆ ಕೂತು ತಿನ್ನಿಸಲೇಬೇಕು. ಅಲ್ಲೂ ಬಾಯಿ ತಿರುಗಿಸಿದಾಗ ನಿಲ್ಲಿಸಿ. ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮೂರು ಮಕ್ಕಳಲ್ಲಿ ಒಂದು ವಯಸ್ಸಿಗೆ ತಕ್ಕ ತೂಕ ಇಲ್ಲದ್ದು, ಅದೇ ಸಮೀಕ್ಷೆಯ ಲೆಕ್ಕ ಇದು. ನಿಮ್ಮ ಮಗುವಿನ ಚುಕ್ಕಿ ಹಳದಿ ಅಥವಾ ಕಿತ್ತಳೆ ಪಟ್ಟಿಯಲ್ಲಿದ್ದರೆ, ಎರಡು ಮೂರು ತಿಂಗಳಿಂದ ತೂಕ ಅಲ್ಲೇ ನಿಂತಿದ್ದರೆ, ಗೆರೆ ಬಿಟ್ಟು ಕೆಳಗಿಳಿಯುತ್ತಿದ್ದರೆ, "ತಾನೇ ತಿನ್ನುತ್ತೆ ಬಿಡು" ಅಂತ ಕೂರಬೇಡಿ. ನುಂಗುವಾಗ ಕೆಮ್ಮು, ಮತ್ತೆ ಮತ್ತೆ ವಾಂತಿ, ಬಿಡದ ಭೇದಿ, ಗಟ್ಟಿ ಮಲ, ಬಾಯಿಹುಣ್ಣು, ಇವೆಲ್ಲ ಡಾಕ್ಟರಿಗೆ ತೋರಿಸಬೇಕಾದ್ದು. ಮಲಬದ್ಧತೆಯೊಂದೇ ಸಾಕು, ಹಸಿವು ಹೋಗಿಬಿಡುತ್ತದೆ. ಗಟ್ಟಿ ಪದಾರ್ಥ ಯಾವುದನ್ನೂ ಮುಟ್ಟದೆ ಬರೀ ನಾಲ್ಕೈದು ಬಗೆಯಲ್ಲೇ ದಿನ ತಳ್ಳುವ ಮಗುವನ್ನೂ ತೋರಿಸಿ.

"ಏನಮ್ಮಾ, ಮಗು ಸೊರಗಿದೆ" ಅಂತ ಮದುವೆ ಮನೆಯಲ್ಲಿ ಕೇಳುವವರಿಗೆ ತಾಯಿ ಕಾರ್ಡ್ ತೋರಿಸಲು ಆಗುವುದಿಲ್ಲ. ನಕ್ಕು ಸುಮ್ಮನಾಗುತ್ತೇನೆ.

ಮೊನ್ನೆ ಅವರೆಕಾಯಿ ಕಾಲ ಬಂತು. ಅತ್ತೆ ಎರಡು ಕೆಜಿ ತರಿಸಿ, ಸುಲಿದು, ಕಾಳು ನೆನೆಹಾಕಿ, ಹಿತಕಲು ಕೂತರು. ಮಗಳೂ ಪಕ್ಕ ಕೂತಳು. ಹೆಬ್ಬೆರಳು ತೋರುಬೆರಳ ನಡುವೆ ಹಿಚುಕಿದರೆ ಬೇಳೆ ಚಿಮ್ಮಿ ಸೋಫಾ ಕೆಳಗೆ ಹೋಗುತ್ತಿತ್ತು, ಅವಳು ಕೇಕೆ ಹಾಕುತ್ತಿದ್ದಳು. ಬಟ್ಟಲಿಗೆ ಬಿದ್ದದ್ದಕ್ಕಿಂತ ನೆಲಕ್ಕೆ ಬಿದ್ದದ್ದೇ ಜಾಸ್ತಿ. ರಾತ್ರಿ ಸಾರು ಬಡಿಸಿದಾಗ ಅದರಲ್ಲಿದ್ದ ಬೇಳೆಯನ್ನೆಲ್ಲ ಹುಡುಕಿ ಹುಡುಕಿ, "ಇದು ನಂದು, ಇದು ನಂದು" ಅನ್ನುತ್ತಾ ತಿಂದಳು. ಅನ್ನ ಹಾಗೇ ಬಿಟ್ಟು ಎದ್ದಳು. ಅತ್ತೆ ಏನೋ ಹೇಳಲು ಬಾಯಿ ತೆರೆದವರು ನನ್ನ ಮುಖ ನೋಡಿದರು. ಆಮೇಲೆ ಆ ಅನ್ನವನ್ನು ತಮ್ಮ ತಟ್ಟೆಗೆ ಹಾಕಿಕೊಂಡು ಕಲಸಿಕೊಂಡರು.